ಚಾರ್ಜ್ ಪಟ್ಟಿಯೊಳಗ ಇಲ್ಲದ್ದು

ಕೀಲಿಕೈ ಏಳು, ರೇವಣಸಿದ್ಧ ಗುರುಜಿ, ಎಣಿಸ್ಕೋರಿ.
ಆರನೇದು ಯಾವ ಕೀಲಿಗೂ ಹತ್ತೂದಿಲ್ಲ,
ಆದ್ರೂ ಪಟ್ಟಿಯೊಳಗ ಅದ, ಅದಕ್ಕ ಕೊಡ್ಲಿಕತ್ತೀನಿ.
ಹಾಜರಿ ವಹಿ, ಖಿಚಡಿ ಅಕ್ಕಿಯ ಲೆಕ್ಕ,
ಗ್ಲೋಬು ಒಂದು, ಆಫ್ರಿಕಾದ ಕಡೆ ಸೀಳಿದ್ದು.
ಸಹಿ ಇಲ್ಲಿ. ಇಲ್ಲಿ. ಮತ್ತ ಇಲ್ಲಿ.

ಇನ್ನೊಂದು ಅದ, ಪಟ್ಟಿಯೊಳಗ ಬರದಿಲ್ಲ:
ತಿಂಗಳ ಕಡೀ ಶನಿವಾರದ ಮೀಟಿಂಗು.

ನಾ ಚಾರ್ಜ್ ತೊಗೊಂಡ ಮೊದಲ ಶನಿವಾರ
ಒಂದು ತಾಸು ಒಬ್ಬಾಕಿನೇ ಮಾತಾಡಿದೆ.
ಪಂಚಾಯತ ಸಮಿತಿಯ ಮರಾಠಿ ಪತ್ರ ಹನ್ನೊಂದು,
ಒಂದೊಂದೂ ಓದಿ, ಕನ್ನಡಕ್ಕ ತಿರುವಿ, ಮತ್ತ ಓದಿ,
ತಲಿ ಎತ್ತಿ ನೋಡಿದ್ರ
ಧಾನಯ್ಯ ಗುರುಜಿ ಕಣ್ಣು ತೆರಕೊಂಡೇ ಮಲಗಿದ್ರು,
ಜೈತುನಬಿ ಬಾಯಿ ವಹಿಯ ಅಂಚಿನ್ಯಾಗ
ಯಾರದೋ ಕುಬಸದ ಅಳತಿ ಬರೀತಿದ್ರು.
"ಯಾರಿಗರೆ ಏನರೆ ಹೇಳೂದದ ಏನು?" ಅಂದೆ.
ಹೊರಗ ದುಧನಿ ಬಸ್ಸು ಹಾರ್ನ್ ಹೊಡೀತು.
ಉತ್ತರ ಕೊಟ್ಟದ್ದು ಅದೊಂದೇ.

ಪತ್ರ ಓದಬ್ಯಾಡ್ರಿ.
ಮೊಬೈಲಿಗೆ ಬಂದದ್ದನ್ನ ಮತ್ತ ಬಾಯಿಲೆ ಯಾಕ ಉಣಸ್ತೀರಿ?
ಗ್ವಾಡಿಗೆ ಹಚ್ಚರಿ, ಓದಿದವರು ಸಹಿ ಮಾಡ್ಲಿ.
ಗುರುವಾರನೇ ಚೀಟಿಯೊಳಗ ಒಂದು ಪ್ರಶ್ನಿ ಬರದು
ಎಲ್ಲಾರ ಕೈಗೆ ಕೊಡ್ರಿ. ಒಂದೇ.
ಎರಡು ಬರದ್ರ ಸಣ್ಣದು ದೊಡ್ಡದನ್ನ ತಿಂತದ.
"ಗುಣಮಟ್ಟ ಹೆಂಗ ಹೆಚ್ಚಿಸೂದು" ಅಂತ ಕೇಳಿದ್ರ
ಎಲ್ಲಾರೂ ಹೂಂ ಅಂತಾರ, ಮನೀಗೆ ಹೋಗ್ತಾರ.
"ಇಯತ್ತೆ ನಾಲ್ಕರ ಬೀರಪ್ಪ ಯಾಕ ಓದವಲ್ಲ?"
ಹಿಂಗ ಕೇಳ್ರಿ. ಹಲಗಿ ಮ್ಯಾಲ ಅಲ್ಲ,
ಹಲಗಿ ಹುಡುಗರೂ ಓದ್ತಾರ.

ಹೊಸಬರು ಮೊದಲು ಮಾತಾಡ್ಲಿ.
ಧಾನಯ್ಯ ಗುರುಜಿ ಬಾಯಿ ತೆರದ್ರೋ
ಮೂವತ್ತೊಂದು ವರ್ಷದ ಸರ್ವಿಸ್ ಬಂದು
ಎಲ್ಲಾರ ನಾಲಿಗಿ ಮ್ಯಾಲ ಕೂಡ್ತದ.
(ಅವರಿಗೆ ಇದನ್ನ ನಾನೇ ಹೇಳೀನಿ. ಒಂದು ವಾರ ಚಹಾ ಬಿಟ್ರು.)

ಪ್ರಶ್ನಿ ಕೇಳಿದ ಮ್ಯಾಲ ಸುಮ್ಮನಿರ್ರಿ, ಹತ್ತು ಎಣಿಸೂತನ.
ಆರಕ್ಕ ನಿಮಗ ಹೆದರಿಕಿ ಬರ್ತದ,
ನಾನೇ ಏನರೆ ಅಂದುಬಿಡ್ಲಿ ಅನಸ್ತದ.
ಎಂಟಕ್ಕ ಯಾರೋ ಕೆಮ್ಮತಾರ.
ಆ ಕೆಮ್ಮಿನ ಹಿಂದ ಮಾತು ಇರ್ತದ.

ಖಿಚಡಿ ಮಾಡೂ ಸೋನವ್ವನ್ನೂ ಕರೀರಿ.
ಆದೇಶ ಎಲ್ಲದ ಅಂತ ಕೇಳ್ಯಾರು. ಇಲ್ಲ.
ಎರಡು ಮೀಟಿಂಗು ಆಕಿ ಹೊಸ್ತಲದ ಹೊರಗೇ ನಿಂತ್ಲು,
ಮೂರನೇದಕ್ಕ ಕುಂತ್ಲು.
ಅವತ್ತು ಬೀರಪ್ಪನ ಮಾತು.
ಕುರಿ ಕಾಯ್ಲಿಕ್ಕ ಹೋಗ್ತಾನ ಅಂತ ಒಬ್ಬರು,
ಮನಿಯೊಳಗ ಓದಿದವರು ಯಾರಿಲ್ಲ ಅಂತ ಒಬ್ಬರು,
ರಜಿಸ್ಟರಿನ್ಯಾಗಂತೂ ಎರಡು ವರ್ಷದಿಂದ
ಅವನ ಹೆಸರಿನ ಮುಂದ ಕೆಂಪು ಮಸಿಲೆ 'ಅಪ್ರಗತ'.
ಸೋನವ್ವ ಅಂದ್ಲು:
"ಅಂವ ತನ್ನ ತಾಟು ನೋಡಿ ಹುಡುಕೂದಿಲ್ಲರಿ ಬಾಯಾರ.
ಅಂಚಿಗೆ ಕೊರದ ಹೆಸರು ಅದ ಅಲ್ಲ,
ಬಟ್ಟಿಲೆ ಸವರಿ ಹುಡುಕ್ತಾನ."

ಅವತ್ತು ಹತ್ತು ಎಣಿಸೂದು ನನಗ ನೆಪ್ಪಾಗಲಿಲ್ಲ.
ಬಸ್ಸು ಬಂದು, ಹಾರ್ನ್ ಹೊಡದು, ಹೋತು.
ಯಾರೂ ಏಳಲಿಲ್ಲ.

ವಹಿಯೊಳಗ "ಸವಿಸ್ತಾರ ಚರ್ಚೆ ಆಯಿತು" ಅಂತ ಬರೀಬ್ಯಾಡ್ರಿ.
ಅದು ಯಾರಿಗೂ ಎಲ್ಲಿಗೂ ಕಳಸೂದಿಲ್ಲ.
ಯಾರು, ಏನು, ಯಾವತ್ತು.
ಅವತ್ತಿನ ಪುಟ ತೆಗದು ನೋಡ್ರಿ, ಒಂದೇ ಸಾಲು ಅದ:
ಜೈತುನಬಿ, ಸೋಮವಾರ, ಅಕ್ಕಲಕೋಟ, ಕಣ್ಣಿನ ದವಾಖಾನಿ.

ಚಷ್ಮಾ ಬಂತು, ಎರಡು ತಿಂಗಳ ಮ್ಯಾಲ.
ಓದು ಇನ್ನೂ ಒತ್ತಕ್ಷರಕ್ಕ ಎಡವತದ.
ಧಾನಯ್ಯ ಗುರುಜಿ ದಿನಾ ಹತ್ತು ನಿಮಿಷ
ತಮ್ಮ ಬದಿಗೆ ಕುಂದರಿಸ್ಕೋತಾರ. ಯಾರೂ ಹೇಳಿಲ್ಲ.

ಹನ್ನೆರಡೂ ಕಾಲಿಗೆ ಮುಗಸ್ರಿ.
ಮಾತು ಉಳಿದ್ರ ಉಳೀಲಿ.
ಮೀಟಿಂಗು ಖರೇನೇ ಆಗಿದ್ರ
ಅದು ಬಸ್ಸಿನೊಳಗೂ ನಡೀತದ,
ಕಂಡಕ್ಟರ್ ಸೈತ ನಡುವ ಬಾಯಿ ಹಾಕ್ತಾನ.

ಹಾಂ, ಸಹಿ ಒಂದು ಉಳೀತು ನೋಡ್ರಿ.
ಗ್ಲೋಬಿನ ಮುಂದ.